ಅಮ್ಮನ ಪಾತ್ರಕ್ಕೆ ಬದಲಿ

ಊರೂರು ತಿರುಗುವ ನಟಿಯನ್ನು ಕಂಡವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ಪಾಪ, ಮಗು ಯಾರ ಹತ್ರ ಇರತ್ತೆ?" ನಮ್ಮ ನಾಟಕ ಕಂಪನಿಯಲ್ಲಿ ದೀಪದ ಉಸ್ತುವಾರಿ ನೋಡಿಕೊಳ್ಳುವ ಮಹಾನುಭಾವರಿಗೆ ಮೂರು ಮಕ್ಕಳು. ಅವರನ್ನು ಇದುವರೆಗೆ ಒಬ್ಬರೂ ಈ ಪ್ರಶ್ನೆ ಕೇಳಿಲ್ಲ. (ಮಕ್ಕಳಿರುವುದು ಅವರಿಗೇ ಮರೆತಿರಬಹುದು ಎಂಬ ಗುಮಾನಿ ನನ್ನದು.) ನನ್ನನ್ನು ಮಾತ್ರ ಹಾಲು ತರುವವರಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ ಕೇಳಿ ಮುಗಿಸಿದ್ದಾರೆ. ಹಲ್ಲಿನ ಡಾಕ್ಟರು ಕೇಳಿದ್ದು ನನ್ನ ಬಾಯೊಳಗೆ ಎರಡು ಬೆರಳು, ಒಂದು ಕನ್ನಡಿ ಇಟ್ಟುಕೊಂಡು. ಉತ್ತರ ಕೊಡುವ ಅವಕಾಶವೂ ನನಗಿರಲಿಲ್ಲ.

ಉತ್ತರ ಈಗ ಕೊಡುತ್ತೇನೆ. ಮನೆಯಲ್ಲಿ ನನ್ನ ಪತಿರಾಯರಿದ್ದಾರೆ. ಅವರದು ಕನ್ನಡಕದ ಅಂಗಡಿ. ದಿನವಿಡೀ ಜನರ ಮೂಗಿನ ಮುಂದೆ ಗೇಣು ದೂರದಲ್ಲಿ ಕೂತು, ಗಾಜು ಬದಲಾಯಿಸುತ್ತಾ, "ಇದು ಸ್ಪಷ್ಟಾನಾ, ಅದು ಸ್ಪಷ್ಟಾನಾ?" ಎಂದು ಕೇಳುವುದು ಅವರ ಕಸುಬು. ಮನೆಯ ಜಗಳದಲ್ಲೂ ಅದನ್ನೇ ಕೇಳುತ್ತಾರೆ. ಅವರ ತಾಯಿ, ಅಂದರೆ ನಮ್ಮ ಅತ್ತೆ, ಬಸ್ ನಿಲ್ದಾಣದ ಮೈಕಿನಲ್ಲಿ ಮೂವತ್ತೊಂದು ವರ್ಷ ಪ್ರಕಟಣೆ ಓದಿ ನಿವೃತ್ತರಾದವರು. ಈಗಲೂ ಅವರು ಬಚ್ಚಲಿನಿಂದ ಟವೆಲ್ ಕೇಳಿದರೆ ಬೀದಿಯ ಜನ ತಮ್ಮ ಸಾಮಾನು ಸರಂಜಾಮು ಎತ್ತಿಕೊಳ್ಳುತ್ತಾರೆ. ಕೊನೆಯದಾಗಿ ಮಗಳು, ಒಂಬತ್ತು ವರ್ಷ, ನಾಲ್ಕನೇ ತರಗತಿ. ಅವಳು ನನ್ನ ಅಭಿನಯದ ಪಾಠಗಳನ್ನೆಲ್ಲ ಮೂಲೆಯಲ್ಲಿ ಕೂತು ನೋಡಿ ನೋಡಿ ವಿಮರ್ಶಕಿಯಾಗಿಬಿಟ್ಟಿದ್ದಾಳೆ.

ಹೌದು, ಪಾಠವೂ ಉಂಟು. ಮಹಡಿಯ ಕೋಣೆಯಲ್ಲಿ ವಾರಕ್ಕೆ ಮೂರು ಸಂಜೆ ಹನ್ನೊಂದು ಜನಕ್ಕೆ ಅಭಿನಯ ಹೇಳಿಕೊಡುತ್ತೇನೆ. ನಾನು ಪ್ರವಾಸ ಹೋದಾಗ ಆ ಹನ್ನೊಂದು ಜನ ತಬ್ಬಲಿಗಳಾಗುತ್ತಾರೆ. ಕಳೆದ ಸಲ "ಸಂಜೆ ಅವರು ಬರ್ತಾರೆ, ಏನಾದರೂ ಮಾಡಿಸಿ" ಎಂದು ನಮ್ಮವರಿಗೆ ಹೇಳಿ ಹೋಗಿದ್ದೆ. ಇವರು ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಾಗಿಲು ತೆರೆದು, "ಮೌನ ಅಭ್ಯಾಸ ಮಾಡಿ" ಎಂದು ಅಪ್ಪಣೆ ಕೊಟ್ಟು ಕೆಳಗಿಳಿದು ಬಂದರಂತೆ. ಆಮೇಲೆ ಮರೆತೇಬಿಟ್ಟರಂತೆ. ಹನ್ನೊಂದು ಜನ ಎರಡೂವರೆ ಗಂಟೆ ಬಾಯಿ ಬಿಡದೆ ಕೂತಿದ್ದರು. ಅದೇ ವಾರ ಮಗಳನ್ನು ರಜೆಯ ದಿನ ಶಾಲೆಗೆ ಬಿಟ್ಟು ಬಂದಿದ್ದರು. ಅವಳು ಗೇಟಿನ ಕಾವಲುಗಾರರ ಜೊತೆ ಕೂತು ಡಬ್ಬಿ ಖಾಲಿ ಮಾಡಿ, ಅವರದನ್ನೂ ಸ್ವಲ್ಪ ತಿಂದು ಬಂದಿದ್ದಳು.

ಹೀಗಿರುವಾಗ ಹತ್ತೊಂಬತ್ತು ದಿನದ ಪ್ರವಾಸ ಬಂತು. ಎಂಟು ಊರು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಒಂದು ದಿವ್ಯ ವಿಚಾರ ಹೊಳೆಯಿತು. ಅದು ಹೊಳೆಯದೇ ಇದ್ದಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ನನ್ನ ಮಾನವೂ ಉಳಿಯುತ್ತಿತ್ತು.

ನಮ್ಮ ಕಂಪನಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಪ್ರತಿ ಪಾತ್ರಕ್ಕೂ ಒಬ್ಬರು ಬದಲಿ ಇರಬೇಕು. ಅಸಲಿ ನಟರಿಗೆ ಜ್ವರ ಬಂದರೆ, ಕಾಲು ಉಳುಕಿದರೆ, ಕಂಪನಿಯ ಯಜಮಾನರ ಮೇಲೆ ಸಿಟ್ಟು ಬಂದರೆ (ಇದೇ ಹೆಚ್ಚು) ಬದಲಿಯವರು ಬಣ್ಣ ಹಚ್ಚಿಕೊಂಡು ರಂಗಕ್ಕೆ ನುಗ್ಗಬೇಕು. ಅಲ್ಲಿಯವರೆಗೆ ಅವರು ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲ್ ಹಾಕಿಕೊಂಡು, ದಿನಾ ನೋಡಿ ನೋಡಿ ಮಾತು, ಹೆಜ್ಜೆ, ಕೆಮ್ಮು ಎಲ್ಲ ಕಲಿಯುತ್ತಾರೆ. ನನ್ನ ಬದಲಿ ಹುಡುಗಿ ಆರು ವರ್ಷದಿಂದ ಆ ಸ್ಟೂಲಿನ ಮೇಲಿದ್ದಾಳೆ. ಪ್ರತಿ ಪ್ರದರ್ಶನಕ್ಕೆ ಮುಂಚೆ ಬಂದು, "ಅಕ್ಕಾ, ಮೈ ಹುಷಾರಾಗಿದೆಯಾ?" ಎಂದು ಕೇಳುತ್ತಾಳೆ. "ಹುಷಾರಾಗಿದೀನಮ್ಮ" ಅಂದರೆ ಅವಳ ಮುಖ ಸಪ್ಪಗಾಗುತ್ತದೆ. ಒಂದು ದಿನ ನಾನು ಸುಮ್ಮನೆ ಸೀನಿದ್ದಕ್ಕೆ ಓಡಿ ಹೋಗಿ ಪಾತ್ರದ ಜಡೆ ಕಟ್ಟಿಕೊಂಡು ಬಂದು ನಿಂತಿದ್ದಳು.

ಆ ಪಾತ್ರ ಯಾವುದೆಂದೂ ಹೇಳಿಬಿಡುತ್ತೇನೆ. ತಾಯಿಯ ಪಾತ್ರ. ಎಂಥ ತಾಯಿ ಅಂತೀರಿ! ಜ್ವರದ ಮಗುವಿನ ಹಾಸಿಗೆ ಬಿಟ್ಟು ಎರಡು ಗಂಟೆ ಕದಲದ ಮಮತಾಮಯಿ. ನನ್ನ ಕೊನೆಯ ಮಾತಿಗೆ ಸಭಾಂಗಣವೇ ಮೂಗು ಸೀಟುತ್ತದೆ. ಈ ಮಮತಾಮಯಿಯಾಗುವುದಕ್ಕೆ ನಾನು ವರ್ಷಕ್ಕೆ ನೂರಾ ನಲವತ್ತು ದಿನ ನನ್ನ ಮಗುವನ್ನು ಬಿಟ್ಟು ಹೋಗುತ್ತೇನೆ. (ನಗಬೇಡಿ. ನನಗೂ ಗೊತ್ತು.)

ನಾಟಕಕ್ಕೆ ಬದಲಿ ಇರುವಾಗ ಮನೆಗೆ ಯಾಕಿರಬಾರದು? ಅಂದೇ ಊಟದ ಮೇಜಿನ ಮುಂದೆ ಘೋಷಿಸಿದೆ.

"ರೀ, ಇನ್ಮೇಲೆ ನೀವು ನನ್ನ ಬದಲಿ."

"ನಾಟಕಕ್ಕಾ?" ಪಾಪ, ಅವರ ಮುಖ ಅರಳಿತು.

"ಮನೇಲಿ. ಅಮ್ಮನ ಪಾತ್ರ."

"ಮತ್ತೆ ಅಪ್ಪನ ಪಾತ್ರ ಯಾರು ಮಾಡ್ತಾರೆ?"

"ಅದು ಖಾಲಿ ಇದ್ರೂ ನಡಿಯತ್ತೆ. ಇಷ್ಟು ದಿನ ನಡೀಲಿಲ್ವಾ?"

ಅವರು ನನ್ನ ಮುಖವನ್ನೇ ನೋಡಿದರು. "ಇದನ್ನ ವ್ಯವಸ್ಥೆ ಅಂತ ನೋಡ್ಬೇಕಾ, ಸೇಡು ಅಂತ ನೋಡ್ಬೇಕಾ? ಯಾವುದು ಸ್ಪಷ್ಟ?"

"ಎರಡೂ ಸ್ಪಷ್ಟವಾಗೇ ಇದೆ. ಊಟ ಮಾಡಿ."

ಅಷ್ಟರಲ್ಲಿ ಅತ್ತೆ, "ಹಾಗಾದ್ರೆ ಮೇಲಿನ ಪಾಠ ನನಗಿರಲಿ" ಅಂದರು. ಮೇಜಿನ ಮೇಲಿದ್ದ ಲೋಟ ಸಣ್ಣಗೆ ಅದುರಿತು.

"ಅತ್ತೆ, ಅದು ಅಭಿನಯದ ಪಾಠ..."

"ಗೊತ್ತಮ್ಮ. ಬರದೇ ಇರೋ ಬಸ್ಸನ್ನ 'ಇನ್ನು ಕೆಲವೇ ಕ್ಷಣಗಳಲ್ಲಿ ಬರಲಿದೆ' ಅಂತ ಮೂವತ್ತೊಂದು ವರ್ಷ ಹೇಳಿದೀನಿ. ಒಬ್ಬರಾದ್ರೂ ಎದ್ದು ಹೋದ್ರಾ? ಅದು ಅಭಿನಯ ಅಲ್ದೆ ಇನ್ನೇನು?"

ಒಪ್ಪಿಕೊಂಡೆ.

ಮೂರು ದಿನ ಕೂತು ನಲವತ್ತೆರಡು ಪುಟಗಳ ಕೃತಿಯೊಂದನ್ನು ರಚಿಸಿದೆ. 'ಅಮ್ಮ: ಎರಡು ಅಂಕಗಳ ಗೃಹನಾಟಕ.' ಮೊದಲ ಅಂಕ ಬೆಳಿಗ್ಗೆ, ಎರಡನೆಯದು ಸಂಜೆ. "ಆರೂವರೆ ಗಂಟೆ. ಅಮ್ಮ ಪ್ರವೇಶಿಸಿ ಕಿಟಕಿಯ ಪರದೆ ಸರಿಸುತ್ತಾಳೆ. ಹಾಸಿಗೆಯ ಅಂಚಿನಲ್ಲಿ ಕೂತು ಮಗಳ ಕೂದಲು ನೇವರಿಸುತ್ತಾಳೆ. (ಮೃದುವಾಗಿ) ಪುಟ್ಟೀ, ಬೆಳಗಾಯಿತು ನೋಡು..." ಹೀಗೆ. ಬರೆಯುವಾಗ ನನಗೇ ಕಣ್ಣು ತುಂಬಿ ಬಂತು. ಸಂಜೆ ತಾಲೀಮು ಇಟ್ಟೆ. ಮಗಳು ದೊಡ್ಡ ಮನಸ್ಸು ಮಾಡಿ ಸಂಜೆ ಐದು ಗಂಟೆಗೆ ಹೊದ್ದು ಮಲಗಿದಳು. ಪತಿರಾಯರು ಪುಸ್ತಕ ನೋಡಿಕೊಂಡು ಪ್ರವೇಶಿಸಿ, ಅಂಚಿನಲ್ಲಿ ಕೂತು, ಕೂದಲು ನೇವರಿಸಿ, "ಪುಟ್ಟೀ, ಬೆಳಗಾಯಿತು ನೋಡು" ಎಂದು ಓದಿದರು.

ಮಗಳು ಹೊದಿಕೆ ಸರಿಸಿ ಎದ್ದು ಕೂತಳು. "ಅಮ್ಮ ಹೀಗೆ ಎಬ್ಬಿಸಲ್ಲ."

"ಮತ್ತೆ?"

"ಅಡುಗೆಮನೆಯಿಂದ ಕಿರುಚ್ತಾಳೆ. ಆಮೇಲೆ ಬಂದು, ಫೋನಲ್ಲಿ ಮಾತಾಡ್ತಾ ಹೊದಿಕೆ ಎಳೀತಾಳೆ."

"ನಾನು ಬರೆದಿರೋದನ್ನ ಮಾತ್ರ ಮಾಡಿ" ಅಂದೆ ನಾನು ಗಡುಸಾಗಿ. ಬದಲಿಯವರು ಕಲಿಯುವುದು ಪುಸ್ತಕದಿಂದಲ್ಲ, ನೋಡಿ ನೋಡಿ ಎಂಬ ನಮ್ಮ ಕಸುಬಿನ ಮೊದಲ ಪಾಠ ನನಗೇ ಆಗ ನೆನಪಾಗಲಿಲ್ಲ. ನಮ್ಮವರು ಹನ್ನೆರಡು ವರ್ಷದಿಂದ ನನ್ನನ್ನು ನೋಡುತ್ತಿದ್ದರು. ಅದೂ ದಿನಾ ಒರೆಸಿದ ಕನ್ನಡಕದಲ್ಲಿ.

ಹೊರಡುವ ಬೆಳಿಗ್ಗೆ ಮಗಳು ಒಂದು ಚೀಟಿ ತಂದಳು. ಅವರ ಶಾಲೆಯಲ್ಲಿ ವರ್ಷಕ್ಕೊಮ್ಮೆ 'ನಮ್ಮ ಮನೆಯವರ ಕೆಲಸ' ಎಂಬ ಕಾರ್ಯಕ್ರಮ. ಮಕ್ಕಳು ಮನೆಯವರ ಜೊತೆ ವೇದಿಕೆಗೆ ಬಂದು ಹತ್ತು ನಿಮಿಷ ಏನಾದರೂ ಮಾಡಿ ತೋರಿಸಬೇಕು. ಈ ಸಲ ಗುರುವಾರ, ಮಧ್ಯಾಹ್ನ ಮೂರಕ್ಕೆ. ನನ್ನ ಪ್ರವಾಸ ಬುಧವಾರ ಮುಗಿಯುತ್ತಿತ್ತು.

"ಬಂದೇ ಬರ್ತೀನಿ ಪುಟ್ಟೀ."

"ಹೋದ ವರ್ಷಾನೂ ಹೇಳಿದ್ದೆ."

"ಹೋದ ವರ್ಷ ವ್ಯಾನು ಕೆಟ್ಟು ನಿಂತಿತ್ತಲ್ಲ!"

"ಅದರ ಹಿಂದಿನ ವರ್ಷ?"

"ಚಿನ್ನಾ, ಸೂಟ್‌ಕೇಸು ಮುಚ್ತಿಲ್ಲ. ಸ್ವಲ್ಪ ಇದರ ಮೇಲೆ ಕೂತ್ಕೋ."

ಕೂತಳು. ಸೂಟ್‌ಕೇಸು ಮುಚ್ಚಿತು, ನಾನು ಹೊರಟೆ.

ಮೊದಲ ದಿನ ಮಧ್ಯಾಹ್ನವೇ ಮನೆಗೆ ಫೋನ್ ಮಾಡಿದೆ. "ಎಲ್ಲ ಚೆನ್ನಾಗಿದೆ" ಅಂದರು. ಮೂರನೇ ದಿನವೂ ಚೆನ್ನಾಗಿತ್ತು. ಆರನೇ ದಿನವೂ ಚೆನ್ನಾಗಿದೆ ಎಂದಾಗ ನನಗೆ ಸಿಟ್ಟೇ ಬಂತು. ಏನಾದರೂ ಒಂದು ಸೀಯಬೇಡವೇ? ಯಾರಾದರೂ ಬಿದ್ದು ಮೊಣಕಾಲು ತರಚಿಕೊಳ್ಳಬೇಡವೇ? ನಾನಿಲ್ಲದ ಮನೆ ಅಂದಮೇಲೆ ಅದಕ್ಕೊಂದು ಲಕ್ಷಣ ಬೇಡವೇ? ನಮ್ಮವರು ಮಗಳ ಜಡೆ ಹಾಕುವುದನ್ನು ಕಲಿತಿದ್ದರು. ಚಿಕ್ಕ ಸ್ಕ್ರೂ ತಿರುಗಿಸಿ ಪಳಗಿದ ಬೆರಳುಗಳು. ಎರಡೂ ಜಡೆ ಒಂದೇ ಉದ್ದಕ್ಕೆ ಬರುತ್ತಿದ್ದುವಂತೆ. ನಾನು ಹಾಕಿದರೆ ಒಂದು ಕಿವಿ ಹತ್ತಿರ, ಇನ್ನೊಂದು ಭುಜದ ಹತ್ತಿರ ಇರುತ್ತದೆ.

ಮಹಡಿಯ ಪಾಠದ ಸುದ್ದಿ ಇನ್ನೂ ಹೊಟ್ಟೆ ಉರಿಸುವಂಥದ್ದು. ಹನ್ನೊಂದು ಜನ ಹದಿನೇಳಾಗಿದ್ದರು. ಅತ್ತೆ ಅವರನ್ನೆಲ್ಲ ಬೀದಿಯ ಆ ತುದಿಗೆ ನಿಲ್ಲಿಸಿ, ತಾವು ಮಹಡಿಯಲ್ಲಿ ನಿಂತು, "ಕೊನೇ ಸಾಲಿನವರಿಗೆ ಕೇಳಬೇಕು" ಎಂದು ಕೂಗಿಸುತ್ತಿದ್ದರಂತೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಬ್ಯಾಂಕಿನಲ್ಲಿ ಕೆಲಸದಲ್ಲಿರುವವರು, ಫೋನ್ ಮಾಡಿ ಆನಂದದಿಂದ ಹೇಳಿದರು: "ಮೇಡಂ, ನಮ್ಮ ಮ್ಯಾನೇಜರು ನಿನ್ನೆ ಮೊದಲನೇ ಸಲ ನನ್ನ ಮಾತು ಕೇಳಿಸ್ಕೊಂಡ್ರು! ನೀವು ನಿಧಾನವಾಗಿ ಬನ್ನಿ ಮೇಡಂ. ಅವಸರ ಏನಿಲ್ಲ."

ಅವಸರ ಏನಿಲ್ಲ! ನಾಲ್ಕು ವರ್ಷದಿಂದ ನಾನು ಅವರಿಗೆ ಉಸಿರಾಟ ಹೇಳಿಕೊಡುತ್ತಿದ್ದೇನೆ.

ಬುಧವಾರ ಬೆಳಿಗ್ಗೆ ತಿಂಡಿ ತಿನ್ನುವಾಗ ಯಜಮಾನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಚಪ್ಪಾಳೆ ತಟ್ಟಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. "ಜನ ಬಿಡ್ತಾನೇ ಇಲ್ಲ. ನಾಳೆ ಸಂಜೆ ಇಲ್ಲೇ ಇನ್ನೊಂದು ಪ್ರದರ್ಶನ!" ಎಲ್ಲರೂ ಕುಣಿದರು. ನಾಳೆ ಅಂದರೆ ಗುರುವಾರ. ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. ಮಗಳೇ ಎತ್ತಿದಳು. ಹೇಗೆ ಹೇಳಲಿ ಎಂದು ಸುತ್ತಿ ಬಳಸಿ, ಜನರ ಪ್ರೀತಿ, ಕಲಾವಿದರ ಕರ್ತವ್ಯ ಎಂದೆಲ್ಲ ಎರಡು ನಿಮಿಷ ಕೊರೆದು, ಕಡೆಗೆ ವಿಷಯಕ್ಕೆ ಬಂದೆ.

"ಪರ್ವಾಗಿಲ್ಲಮ್ಮ" ಅಂದಳು. "ಬದಲಿ ಇದಾರಲ್ಲ."

ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ. ಬಾಯಲ್ಲಿ ಏನೋ ಅಗಿಯುತ್ತಲೇ ಹೇಳಿದಳು. ಹಿಂದಿನ ವರ್ಷಗಳಲ್ಲಿ ಗೋಳೋ ಎಂದು ಅತ್ತಿದ್ದಳು. ಆಗ ನನಗೆ ಸಂಕಟವಾಗಿತ್ತು, ಈಗ ಭಯವಾಯಿತು. ಆ ಸಂಜೆ ರಂಗದ ಮೇಲೆ ಜ್ವರದ ಮಗುವಿನ ಹಣೆ ಮುಟ್ಟಿದಾಗ (ಮಗುವಿನ ಪಾತ್ರ ಮಾಡುವವರಿಗೆ ಮೂವತ್ತು ವರ್ಷ, ಹಣೆಯ ಅರ್ಧ ಬೋಳಾಗಿದೆ) ನನಗೆ ನಿಜವಾಗಿಯೇ ದುಃಖ ಉಕ್ಕಿ ಬಂತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ಒಬ್ಬಳ ಚಪ್ಪಾಳೆ ಸಾಕಾಗಿತ್ತು, ಅವಳು ಅಲ್ಲಿರಲಿಲ್ಲ.

ಗುರುವಾರ ಬೆಳಿಗ್ಗೆ ಬದಲಿ ಹುಡುಗಿ ಎಂದಿನಂತೆ ಬಂದು, "ಅಕ್ಕಾ, ಮೈ ಹುಷಾರಾ?" ಅಂದಳು.

"ಇಲ್ಲಮ್ಮ" ಅಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ನಿಜವಾಗ್ಲೂನಾ ಅಕ್ಕಾ? ಏನಾಗಿದೆ? ಎಷ್ಟು ದಿನ ಇರತ್ತಂತೆ?"

"ಒಂದೇ ದಿನ" ಅಂದೆ. ಯಜಮಾನರಿಗೆ ಹೇಳುವ ಕೆಲಸವನ್ನೂ ಅವಳೇ ಸಂತೋಷದಿಂದ ವಹಿಸಿಕೊಂಡಳು. ಒಂಬತ್ತೂವರೆಯ ಬಸ್ಸು ಹತ್ತಿದೆ. ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತೇ ಬಂದೆ. ದಾರಿಯುದ್ದಕ್ಕೂ ಒಂದೇ ಚಿತ್ರ ಕಣ್ಣ ಮುಂದೆ: ನಾನು ಬಾಗಿಲಲ್ಲಿ ಕಾಣಿಸಿಕೊಳ್ಳುತ್ತೇನೆ, ಮಗಳು ವೇದಿಕೆಯಿಂದ "ಅಮ್ಮಾ!" ಎಂದು ಓಡಿ ಬರುತ್ತಾಳೆ, ಟೀಚರುಗಳು ಕಣ್ಣೊರೆಸಿಕೊಳ್ಳುತ್ತಾರೆ. ಮೂರೂ ಇಪ್ಪತ್ತಕ್ಕೆ ಶಾಲೆ ತಲುಪಿ, ಬ್ಯಾಗು ಹೆಗಲಿಗೇರಿಸಿಕೊಂಡು, ಸಭಾಂಗಣದ ಹಿಂದಿನ ಬಾಗಿಲಿನಿಂದ ಒಳಗೆ ನುಗ್ಗಿದೆ.

ಒಳಗೆ ನಗುವೋ ನಗು. ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ವೇದಿಕೆಯ ಮೇಲೆ ಮಗಳು ಒಂದು ಪುಟ್ಟ ಕುರ್ಚಿಯಲ್ಲಿ, ತೊಡೆ ಮೇಲೆ ಅಂಕಪಟ್ಟಿ ಇಟ್ಟುಕೊಂಡು ಕೂತಿದ್ದಾಳೆ. ಪಕ್ಕದ ಪರದೆಯ ಮರೆಯಿಂದ, ಮೈಕೇ ಇಲ್ಲದೆ, ಅತ್ತೆಯ ಧ್ವನಿ ಮೊಳಗಿತು:

"ಪ್ರೇಕ್ಷಕರ ಗಮನಕ್ಕೆ! ನಿನ್ನೆ ಬರಬೇಕಾಗಿದ್ದ ಅಮ್ಮ ಇನ್ನು ಕೆಲವೇ ಕ್ಷಣಗಳಲ್ಲಿ ಆಗಮಿಸಲಿದ್ದಾರೆ!"

ಮಗಳು ಬಾಗಿಲ ಕಡೆ ನೋಡಿದಳು. ಯಾರೂ ಬರಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ಕೂತಳು.

"ಪ್ರೇಕ್ಷಕರ ಗಮನಕ್ಕೆ! ಅನಿವಾರ್ಯ ಕಾರಣಗಳಿಂದ ಅಮ್ಮ ಎರಡು ಗಂಟೆ ತಡವಾಗಿ ಆಗಮಿಸಲಿದ್ದಾರೆ. ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ!"

ಆಮೇಲೆ ಅಮ್ಮ ಪ್ರವೇಶಿಸಿದಳು. ನನ್ನ ನೀಲಿ ಶಾಲು, ನನ್ನ ಹಳೇ ಬ್ಯಾಗು, ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿದ ಫೋನು, ಕಾಲಲ್ಲಿ ಒಂದೇ ಚಪ್ಪಲಿ. ಪತಿರಾಯರು! ಫೋನಿಗೆ "ಬಂದೆ ಸಾರ್, ಬಂದ್ಬಿಟ್ಟೆ ಸಾರ್" ಅನ್ನುತ್ತಾ, ಮಹಡಿಯ ಕಡೆ ತಿರುಗಿ "ಉಸಿರು ಹೊಟ್ಟೆಯಿಂದ ತಗೊಳ್ಳಿ!" ಎಂದು ಕೂಗುತ್ತಾ, ಮಗಳನ್ನು ಒಂದು ಕೈಯಲ್ಲಿ ಅಪ್ಪಿಕೊಂಡು, ಅವಳ ನೆತ್ತಿಗೆ ಮುತ್ತು ಕೊಡುತ್ತಾ, ಆ ನೆತ್ತಿಯ ಮೇಲೇ ಬಸ್ಸಿನ ವೇಳಾಪಟ್ಟಿ ಹರಡಿಕೊಂಡು ಓದಿದರು. "ಹೇಳು ಚಿನ್ನಾ, ಕೇಳಿಸ್ಕೋತಾ ಇದೀನಿ" ಅಂದರು. ಮಗಳು ಬಾಯಿ ತೆರೆದಳು. "ತುಂಬಾ ಒಳ್ಳೇದಾಯ್ತು!" ಎಂದು ಹೊರಟರು. ಮೂರು ಸಲ ಹೊರಟು ಮೂರು ಸಲ ವಾಪಸ್ ಬಂದರು: ಒಮ್ಮೆ ಚಾರ್ಜರಿಗೆ, ಒಮ್ಮೆ ಇನ್ನೊಂದು ಚಪ್ಪಲಿಗೆ, ಒಮ್ಮೆ ಮುತ್ತು ಕೊಡಲು. ಕೊನೆಗೆ ಮಗಳು ಅಂಕಪಟ್ಟಿ ಮುಂದೆ ಹಿಡಿದಾಗ, ಓಡುತ್ತಲೇ ಸಹಿ ಹಾಕಿದರು. ಮಗಳು ಅದನ್ನು ಗಟ್ಟಿಯಾಗಿ ಓದಿದಳು: "'ಕಲಾಭಿಮಾನಿಗೆ ಪ್ರೀತಿಯ ಶುಭ ಹಾರೈಕೆಗಳು!'"

ಸಭೆ ಬಿದ್ದು ಬಿದ್ದು ನಕ್ಕಿತು. (ಅದು ಒಂದೇ ಒಂದು ಸಲ ಆಗಿದ್ದು. ಸರಿ, ಎರಡು ಸಲ.)

ನಾನೂ ನಕ್ಕೆ. ಕಸುಬಿನವಳಾಗಿ ಹೇಳುತ್ತೇನೆ, ಆ ಮನುಷ್ಯನ ಸಮಯಪ್ರಜ್ಞೆ ಅದ್ಭುತ. ಆ ಬ್ಯಾಗನ್ನು ಹೆಗಲಿನಿಂದ ಒಮ್ಮೆಯೂ ಇಳಿಸದ ಉಪಾಯವಂತೂ ಬಹಳ ಸೂಕ್ಷ್ಮ ಅಭಿನಯ. ಮೆಚ್ಚಿಕೊಳ್ಳುತ್ತಾ ನನ್ನ ಹೆಗಲು ಮುಟ್ಟಿ ನೋಡಿಕೊಂಡೆ. ಆಮೇಲೆ ನಗು ಬರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಟೀಚರ್ ನನ್ನ ಕಡೆ ತಿರುಗಿದರು. "ನೀವು?"

"ಆ ಹುಡುಗಿಯ ತಾಯಿ."

"ಓಹೋ, ಅಸಲಿ ನೀವೇನಾ!" ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹಾಗೇ ಇದೀರಿ" ಎಂದು ಸಂತೋಷಪಟ್ಟರು. ಶನಿವಾರ ಉಳಿದ ತರಗತಿಗಳ ಪಾಲಕರಿಗಾಗಿ ಇದನ್ನು ಮತ್ತೆ ಆಡಿಸುವುದಾಗಿಯೂ ತೀರ್ಮಾನವಾಗಿಬಿಟ್ಟಿತ್ತು.

ಮಗಳು ನನ್ನನ್ನು ಕಂಡು ಓಡಿ ಬಂದದ್ದೇನೋ ನಿಜ. "ಅಮ್ಮಾ! ಅಪ್ಪ ಹೇಗೆ ಮಾಡಿದ್ರು?" ಎಂದು ಕೇಳಿದಳು. ಟೀಚರುಗಳ ಕಣ್ಣಲ್ಲಿ ನೀರಿತ್ತು, ಆದರೆ ನಕ್ಕು ನಕ್ಕು ಬಂದದ್ದು.

ಶುಕ್ರವಾರ ಬೆಳಿಗ್ಗೆ ಯಜಮಾನರ ಫೋನು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಎತ್ತಿದೆ. ಅವರ ಧ್ವನಿ ಬೆಣ್ಣೆಯಂತಿತ್ತು. "ಹೇಗಿದೆಯಮ್ಮಾ ಆರೋಗ್ಯ? ನಿನ್ನೆ ನಮ್ಮ ಹುಡುಗಿ ಏನು ಅಳಿಸಿಬಿಟ್ಟಳು ಅಂತೀಯಾ! ಮಗುವಿನ ಪಾತ್ರದವರೇ ಎದ್ದು ಕೂತು ಅತ್ತುಬಿಟ್ರು. ನೀನು ಚೆನ್ನಾಗಿ ಸುಧಾರಿಸ್ಕೋ. ಅವಸರ ಏನಿಲ್ಲ."

ನನ್ನ ಪಾತ್ರ, ನನ್ನ ಪಾಠ, ನನ್ನ ಮನೆ, ಮೂರಕ್ಕೂ ಬದಲಿಗಳು ಭದ್ರವಾಗಿ ಕೂತಿದ್ದರು. ಮೂವರಿಗೂ ಜಾಗ ಬಿಟ್ಟುಕೊಟ್ಟವಳು ನಾನೇ. ಮೂರರಲ್ಲಿ ಒಂದನ್ನಾದರೂ ಉಳಿಸಿಕೊಳ್ಳಲೇಬೇಕು ಎಂದು ನಿಶ್ಚಯಿಸಿದೆ. ಆ ಸಂಜೆ ಹಾಲ್‌ನಲ್ಲಿ ಎಲ್ಲರನ್ನೂ ಕೂಡಿಸಿದೆ.

"ನಾಳೆ ಅಮ್ಮನ ಪಾತ್ರ ನಾನು ಮಾಡ್ತೀನಿ. ಅಸಲಿಯವರು ವಾಪಸ್ ಬಂದ್ಮೇಲೆ ಬದಲಿಯವರು ಬಿಟ್ಟುಕೊಡಬೇಕು. ಕಂಪನಿ ನಿಯಮ."

ನಮ್ಮವರು ತಾಲೀಮಿಗೆಂದು ಹೊದ್ದಿದ್ದ ಶಾಲು ಬಿಚ್ಚಿ ಮಡಿಸತೊಡಗಿದರು. ಮಗಳು ಕೈ ಅಡ್ಡ ಹಿಡಿದಳು. "ಮೊದಲು ಮಾಡಿ ತೋರ್ಸು."

"ಏನು? ನಾನು? ನನ್ನ ಪಾತ್ರಕ್ಕೆ ನನಗೇ ಪರೀಕ್ಷೆನಾ?"

"ನೀನೂ ಹೊಸಬರಿಗೆ ಹಾಗೇ ಮಾಡ್ತೀಯಲ್ಲ."

ಅತ್ತೆ ಕನ್ನಡಕ ಏರಿಸಿಕೊಂಡು ಸೋಫಾದಲ್ಲಿ ಕೂತರು. ಪತಿರಾಯರು ಅವರ ಪಕ್ಕ. ನಾನು ಬಾಗಿಲ ಹೊರಗೆ ಹೋಗಿ, ಮೂರು ಸಲ ದೀರ್ಘವಾಗಿ ಉಸಿರೆಳೆದುಕೊಂಡು, ಪ್ರವೇಶಿಸಿದೆ. ಬ್ಯಾಗು ಕೆಳಗಿಟ್ಟೆ. ಫೋನು ಒಳಗಿಟ್ಟೆ. ಮಗಳ ಮುಂದೆ ಮಂಡಿಯೂರಿ, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಹೇಳು ಕಂದಾ, ಇವತ್ತು ಏನೇನಾಯ್ತು? ಎಲ್ಲ ಹೇಳು. ನನಗೆ ಬೇರೆ ಕೆಲಸವೇ ಇಲ್ಲ" ಅಂದೆ. ಹದಿನಾರು ವರ್ಷದ ಅನುಭವ ಅದರಲ್ಲಿತ್ತು.

ಮಗಳು ಕಕ್ಕಾಬಿಕ್ಕಿಯಾಗಿ ಅಪ್ಪನ ಕಡೆ ನೋಡಿದಳು. "ಇದ್ಯಾರು?"

"ನಾನೇ ಕಣೇ!"

"ಅಲ್ಲ. ಇದು ನಾಟಕದ ಅಮ್ಮ."

ಅತ್ತೆ ಗಂಟಲು ಸರಿಮಾಡಿಕೊಂಡರು. "ಧ್ವನಿ ಚೆನ್ನಾಗಿದೆಯಮ್ಮ. ಆದ್ರೆ ಬಸ್ಸು ಸಮಯಕ್ಕೆ ಸರಿಯಾಗಿ ಬಂದು ನಿಂತುಬಿಡ್ತು. ಯಾರು ನಂಬ್ತಾರೆ?"

"ಇನ್ನೊಂದ್ಸಲ ನೋಡೋಣ" ಅಂದರು ಪತಿರಾಯರು, ಬಹಳ ಮರ್ಯಾದೆಯಿಂದ. "ಬ್ಯಾಗು ಇಳಿಸ್ಬೇಡ. ಮಗು ಮಾತಾಡೋವಾಗ ಕಣ್ಣು ಒಂದ್ಸಲ ಗಡಿಯಾರಕ್ಕೆ ಹೋಗ್ಬೇಕು. ನೋಡು, ಹೀಗೆ. ಈಗ ಸ್ಪಷ್ಟಾನಾ?"

ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ನೀವು ನನಗೆ ಹೇಳಿಕೊಡ್ತೀರಾ? ನನ್ನನ್ನ ನನಗೆ? ಗಡಿಯಾರ ಯಾಕೆ ನೋಡ್ತೀನಿ ಗೊತ್ತಾ? ಇನ್ನೂ ಹತ್ತು ನಿಮಿಷ ಇವಳ ಜೊತೆ ಇರಬಹುದಾ ಅಂತ ನೋಡ್ತೀನಿ! ಒಂದೊಂದು ಊರಲ್ಲೂ ಇವಳು ಈಗ ಶಾಲೆ ಬಿಟ್ಟಿರ್ತಾಳೆ, ಈಗ ಊಟ ಮಾಡ್ತಿರ್ತಾಳೆ ಅಂತ ಲೆಕ್ಕ ಹಾಕ್ಕೊಂಡು ಬಣ್ಣ ಹಚ್ಕೋತೀನಿ. ನಿನ್ನೆ ಐದೂವರೆ ಗಂಟೆ ಬಸ್ಸಲ್ಲಿ ನಿಂತ್ಕೊಂಡು ಬಂದೆ, ಇವಳೊಬ್ಬಳನ್ನ ನೋಡಕ್ಕೆ! ಆದ್ರೂ ತಡವಾಗಿ ಬಂದೆ. ಈ ವರ್ಷಾನೂ ತಡವಾಗಿಯೇ ಬಂದೆ!" ಅಷ್ಟು ಹೇಳುವ ಹೊತ್ತಿಗೆ ಧ್ವನಿ ಒಡೆದು, ಅಳು ಬಂದು, ಮೂಗು ಸೋರಿ, ನೆಲದ ಮೇಲೆ ಕುಸಿದು ಕೂತಿದ್ದೆ. ಇಷ್ಟು ನಿಜವಾದ ಮಾತನ್ನು ನಾನು ಯಾವ ರಂಗದ ಮೇಲೂ ಆಡಿರಲಿಲ್ಲ.

ಮಗಳು ತಲೆ ಓರೆ ಮಾಡಿ ನನ್ನನ್ನು ನೋಡಿದಳು.

"ಓವರ್ ಆಕ್ಟಿಂಗ್ ಆಯ್ತಮ್ಮ" ಅಂದಳು.

"ಸ್ವಲ್ಪ" ಎಂದರು ಅತ್ತೆ.

ಆಮೇಲೆ ಅವಳು ಹತ್ತಿರ ಬಂದು ಕೂತಳು. ನನ್ನ ಕೆನ್ನೆಯನ್ನು ಬೆರಳಿನಿಂದ ಒರೆಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ನಿಜಾನಾ?"

"ನಿಜ ಕಣೇ, ಪುಟ್ಟೀ."

ಅವಳು ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು. "ಹಾಗಾದ್ರೆ ಪಾತ್ರ ಅಪ್ಪನೇ ಮಾಡ್ಲಿ. ನೀನು ಮುಂದಿನ ಸಾಲಲ್ಲಿ ಕೂತ್ಕೋ. ಎಲ್ಲರ ಅಮ್ಮಂದಿರೂ ಅಲ್ಲಿ ಕೂತಿರ್ತಾರೆ. ನಿನ್ನ ಕುರ್ಚೀಲಿ ಯಾವಾಗ್ಲೂ ಟೀಚರ್ ಕೊಡೆ ಇಟ್ಟಿರ್ತಾರೆ."

ಹದಿನಾರು ವರ್ಷದಲ್ಲಿ ನನಗೆ ಬಂದ ಅತ್ಯುತ್ತಮ ಪಾತ್ರ ಅದು. ಮಾತಿಲ್ಲ, ಬಣ್ಣವಿಲ್ಲ, ಹತ್ತು ನಿಮಿಷ ಒಂದು ಕಡೆ ಕೂತಿದ್ದರೆ ಸಾಕು. ಅವಳ ಎರಡೂ ಕೈ ಹಿಡಿದುಕೊಂಡು, "ಆಣೆ ಮಾಡಿ ಹೇಳ್ತೀನಿ, ನಾಳೆ ಬಂದೇ ಬರ್ತೀನಿ" ಅಂದೆ.

"ಸರಿಯಮ್ಮ" ಎಂದು ಅವಳು ನನ್ನ ಬೆನ್ನು ತಟ್ಟಿದಳು. ಆಮೇಲೆ ಸೋಫಾದ ಕಡೆ ತಿರುಗಿ, ತಗ್ಗಿದ ಧ್ವನಿಯಲ್ಲಿ, ಆದರೆ ಕೊನೇ ಸಾಲಿನವರಿಗೂ ಕೇಳುವ ಹಾಗೆ ಹೇಳಿದಳು:

"ಅಜ್ಜೀ, ನಿಮ್ಮ ಪಾಠದೋರಲ್ಲಿ ಯಾರಾದ್ರೂ ನಾಳೆ ಬಿಡುವಾಗಿದಾರಾ ಕೇಳಿ. ಅಮ್ಮನ ಕುರ್ಚಿಗೆ ಒಬ್ಬರು ಬದಲಿ ಇರಲಿ."